ಮಗಳ ವಾದ, ಗೇಮಪ್ಪನ ಪಾಳಿ

ಗೇಮಪ್ಪನ ಜೊತೆ ವಾದಕ್ಕೆ ಕೂಡಬಾರದು ಎಂಬುದು ಮಳಗಿಯ ಆಚೆಗಿನ ಆ ಲಂಬಾಣಿ ತಾಂಡಾದಲ್ಲಿ ಸಣ್ಣ ಹುಡುಗರಿಗೂ ಗೊತ್ತಿದ್ದ ಸಂಗತಿ. ಸಾಲಿಯನ್ನು ನಾಲ್ಕನೇ ಇಯತ್ತೆಗೇ ಬಿಟ್ಟ ಮನುಷ್ಯ. ಹೆಸರು ಬರೆಯಲು ಬರುತ್ತದೆ, ಬಸ್ಸಿನ ಬೋರ್ಡು ಓದಲು ಬರುತ್ತದೆ, ಮುಗಿಯಿತು. ಆದರೆ ಸೇವಾಲಾಲರ ಗುಡಿಯ ಮುಂದಿನ ಕಟ್ಟೆಯ ಮೇಲೆ ನಸಾಬು ಕೂಡಿತೆಂದರೆ, ಅಂದರೆ ತಾಂಡಾದ ಹಿರಿಯರು ನ್ಯಾಯ ಬಗೆಹರಿಸಲು ಕೂತರೆಂದರೆ, ಜಗಳದ ಎರಡೂ ಕಡೆಯವರು ಮೊದಲು ಅವನ ಮನೆಗೆ ಓಡಿ ಬರುತ್ತಿದ್ದರು. ‘ನಮ್ಮ ಕಡಿಂದ ನೀನ ಮಾತಾಡಪಾ’ ಎಂದು ಕೈ ಹಿಡಿಯುತ್ತಿದ್ದರು. ಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾದರೆ ತಾಟು ಅಂಗಳಕ್ಕೆ ಎಸೆಯುವ ಮನುಷ್ಯ, ಕಟ್ಟೆಯ ಮೇಲೆ ಮಾತ್ರ ಕೋಲೂರಿ ನಡೆಯುವ ಮುದುಕನ ಹಾಗೆ ನಿಧಾನವಾಗಿ ಮಾತಾಡುತ್ತಿದ್ದ.

ಆ ಕಟ್ಟೆಗೆ ಒಂದು ರೀತಿ ಇತ್ತು. ವಾದ ಹೂಡುವವನು ಮೊದಲು ಎದುರಾಳಿಯ ಮಾತನ್ನು ಹೇಳಬೇಕು. ಹೇಗೋ ಒಂದು ಬಗೆಯಲ್ಲಿ ಹೇಳಿದರೆ ನಡೆಯುವುದಿಲ್ಲ. ಎದುರಾಳಿ ಎದ್ದು ನಿಂತು ‘ಹೌದು, ಇದ ನನ್ನ ಮಾತು’ ಎಂದು ಒಪ್ಪಬೇಕು. ಅವನು ಒಪ್ಪುವ ತನಕ ನಿನ್ನ ಮಾತು ತೆಗೆಯುವಂತಿಲ್ಲ. ಒಪ್ಪಿದ ಮೇಲೆ ನೀನು ಮುಗಿಸುವ ತನಕ ಅವನು ತುಟಿ ಪಿಟ್ಟೆನ್ನುವಂತಿಲ್ಲ. ಎಷ್ಟೋ ಜಗಳಗಳು ಈ ಮೊದಲನೇ ಹೆಜ್ಜೆಯಲ್ಲೇ ಮುಗಿದುಹೋಗುತ್ತಿದ್ದವು. ತನ್ನ ಮಾತು ವೈರಿಯ ಬಾಯಲ್ಲಿ ಕೇಳಿದ ಮನುಷ್ಯನಿಗೆ ಮುಕ್ಕಾಲು ಸಿಟ್ಟು ಅಲ್ಲೇ ಇಳಿಯುತ್ತದೆ. ಈ ಕೆಲಸದಲ್ಲಿ ಗೇಮಪ್ಪನನ್ನು ಮೀರಿಸಿದವರಿರಲಿಲ್ಲ.

ದೀಪಾವಳಿ ಮುಗಿಯುತ್ತಲೇ ತಾಂಡಾದ ಗಂಡಸರು ಗೋವಾಕ್ಕೆ, ಕಾಂಕ್ರೀಟಿಗೆ ಹಲಗೆ ಕಟ್ಟುವ ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಾರೆ. ಮಳೆಗಾಲದ ಹೊಸ್ತಿಲಿಗೆ ತಿರುಗಿ ಬರುತ್ತಾರೆ. ಹೋಗುವ ಗ್ಯಾಂಗಿಗೆಲ್ಲ ಅಡಿಗೆ ಮಾಡಿ ಹಾಕಲು ವರ್ಷಕ್ಕೊಂದು ಮನೆಯಿಂದ ಒಬ್ಬ ಹೆಂಗಸು ಹೋಗಬೇಕು. ಅದು ಪಾಳಿ. ಹೋದ ವರ್ಷ ಸೋಮಪ್ಪನ ಮನೆಯ ಪಾಳಿ ಬಂದಿತ್ತು. ಅವನ ಸೊಸೆ ದುರ್ಗವ್ವ ಮುಂಡಗೋಡದಲ್ಲಿ ಹೊಲಿಗೆ ಕಲಿಯುತ್ತಿದ್ದಳು. ‘ಈ ವರ್ಷ ಒಂದು ಬಿಡ್ರಿ’ ಎಂದು ಸೋಮಪ್ಪ ಕಟ್ಟೆಯ ಮುಂದೆ ಕೈ ಮುಗಿದ. ಗೇಮಪ್ಪ ಎದ್ದು ನಿಂತು ಸೋಮಪ್ಪನ ಮಾತನ್ನು ಸೋಮಪ್ಪನಿಗಿಂತ ಚೆಂದ ಹೇಳಿದ, ಹೌದು ಅನ್ನಿಸಿಕೊಂಡ, ಆಮೇಲೆ ಅದನ್ನು ನುಚ್ಚುನೂರು ಮಾಡಿದ. ಒಬ್ಬರಿಗೆ ಬಿಟ್ಟರೆ ನಾಳೆ ಎಲ್ಲರಿಗೂ ಬಿಡಬೇಕು, ಪಾಳಿ ಮುರಿದರೆ ಗ್ಯಾಂಗು ಮುರಿಯುತ್ತದೆ ಎಂದ. ದುರ್ಗವ್ವ ಹೊಲಿಗೆ ಬಿಟ್ಟು ಗೋವಾಕ್ಕೆ ಹೋದಳು.

ಈ ವರ್ಷದ ಪಾಳಿ ಗೇಮಪ್ಪನ ಮನೆಯದು.

ಹೆಂಡತಿ ಜಮುನಾಬಾಯಿ ಕೆಲಸದ ಜಾಗದಲ್ಲಿ ಕಾಂಕ್ರೀಟಿನ ಬುಟ್ಟಿ ಹೊತ್ತು ಹತ್ತುವಾಗ ಬಿದ್ದು ನಡ ಮುರಿದುಕೊಂಡವಳು. ಮನೆಯಲ್ಲಿ ಹೇಗೋ ನಿಂತು ಬೇಯಿಸುತ್ತಾಳೆ, ಗೋವಾದ ನೆಲದ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತರೆ ಏಳಲು ಇಬ್ಬರು ಬೇಕು. ಉಳಿದವಳು ಮಗಳು ಮಾಲಾ. ಮುಂಡಗೋಡದ ಕಾಲೇಜಿನಲ್ಲಿ ಬಿಎ ಎರಡನೇ ವರ್ಷ. ಗೋವಾಕ್ಕೆ ಹೋದರೆ ಹಾಜರಾತಿ ಹೋಯಿತು, ಹಾಜರಾತಿ ಹೋದರೆ ಪರೀಕ್ಷೆ ಹೋಯಿತು. ಒಮ್ಮೆ ಬಿಟ್ಟ ಹುಡುಗಿ ಮತ್ತೆ ಬಸ್ಸು ಹತ್ತಿದ್ದನ್ನು ಆ ತಾಂಡಾದಲ್ಲಿ ಯಾರೂ ಕಂಡಿರಲಿಲ್ಲ. ಇದು ಗೇಮಪ್ಪನಿಗೂ ಗೊತ್ತಿತ್ತು. ಗೊತ್ತಿದ್ದೇ ಗ್ಯಾಂಗಿನ ಮೇಸ್ತ್ರಿಗೆ ‘ಮಗಳು ಬರ್ತಾಳ’ ಎಂದು ಹೇಳಿಬಿಟ್ಟಿದ್ದ. ಬೇರೆ ಏನು ಹೇಳಲು ಅವನಿಗೆ ಬಾಯಿತ್ತು?

ಮಾಲಾ ಅಳಲಿಲ್ಲ, ಕೂಗಲಿಲ್ಲ. ‘ಹೂಂ’ ಎಂದಳು. ಅದೇ ಅವನಿಗೆ ಹೆಚ್ಚು ಚುಚ್ಚಿತು.

ಗಣೇಶನ ಹಬ್ಬ ಕಳೆದ ಮೇಲೆ ಒಂದು ಸಂಜೆ ಅವನು ಹೆಗಲಿಗೆ ಎಣ್ಣೆ ತಿಕ್ಕಿಕೊಂಡು ಅಂಗಳದಲ್ಲಿ ಬಿದ್ದುಕೊಂಡಿದ್ದ. ಮಾಲಾ ಹಾಳೆ ಹಿಡಿದುಕೊಂಡು ಬಂದು ಎದುರಿಗೆ ಕೂತಳು.

“ಅಪ್ಪಾ, ನಿರ್ಮಲಾ ಮೇಡಂ ವಾದ ಪ್ರಬಂಧ ಬರೀರಿ ಅಂದಾರ. ನೀ ಸ್ವಲ್ಪ ಎದುರಾಳಿ ಆಗು.”

“ಏನದು ವಾದ ಪ್ರಬಂಧ?”

“ಒಂದು ಮಾತು ಹಿಡಕೊಂಡು, ಅದು ಯಾಕ ಖರೇ ಅಂತ ಓದೋವ್ರಿಗೆ ಒಪ್ಪಿಸಬೇಕು. ಕಾಲೇಜಿಗೆ ಮೊಬೈಲ್ ತರಬೇಕೋ ಬ್ಯಾಡೋ, ಇದು ವಿಷಯ. ನಾ ತರಬೇಕು ಅಂತೇನಿ. ನೀ ಬ್ಯಾಡ ಅನ್ನು.”

ಗೇಮಪ್ಪ ಎದ್ದು ಕೂತ. “ವಾದ ಮಾಡೂದು ಕಲಸಾಕ ಕಾಲೇಜು ಬೇಕಾ? ಅದಕ್ಕ ಒಬ್ಬ ಮಾಸ್ತರತಿ ಬೇರೆ? ನಿಮ್ಮವ್ವನ ಮುಂದ ಕೂಡ್ರು, ಹುಟ್ಟಿದಾಗಿಂದ ಅದನ್ನ ಮಾಡ್ತಾಳ.”

ಒಳಗಿಂದ ಜಮುನಾಬಾಯಿ ಕೇಳಿಸಿಕೊಂಡಳು. “ನಾ ವಾದ ಮಾಡಿ ಗೆದ್ದಿದ್ದರ ಈ ಮನಿಗೆ ಸೊಸಿಯಾಗಿ ಬರ್ತಿದ್ದಿಲ್ಲೇಳು!”

“ಯಾಡಿ, ನೀ ಸುಮ್ನಿರು,” ಎಂದು ಮಾಲಾ ನಕ್ಕಳು. ತಾಂಡಾದ ಮಕ್ಕಳು ತಾಯಿಯನ್ನು ಯಾಡಿ ಎಂದೇ ಕರೆಯುವುದು.

ಬೈಯುತ್ತ ಬೈಯುತ್ತಲೇ ಗೇಮಪ್ಪ ವಾದಕ್ಕಿಳಿದ. ಇಳಿದ ಮೇಲೆ ಬಿಡುವವನೇ? ಮೊಬೈಲಿನಿಂದ ಕೆಟ್ಟ ಹುಡುಗರ ಹೆಸರು ಓಣಿ ಓಣಿ ಹಿಡಿದು ಹೇಳಿದ. ಮಗಳು ಬಾಯಿ ತೆರೆದಾಗಲೆಲ್ಲ ಮುಚ್ಚಿಸಿದ. ಕೊನೆಗೆ ಕನಿಕರ ಬಂದು ಗುಟ್ಟು ಬಿಟ್ಟುಕೊಟ್ಟ. “ಹಿಂಗ ಒಮ್ಮೆಲೆ ಮೈಮ್ಯಾಲ ಬಂದ್ರ ಯಾರು ಕೇಳ್ತಾರ? ಕಟ್ಟಿ ಮ್ಯಾಲ ನಾ ಏನ ಮಾಡ್ತೇನಿ ನೋಡಿಲ್ಲೇನು? ಮೊದಲು ಎದುರಿನವನ ಮಾತು ಹೇಳು. ಅವಗ ಹೌದು ಅನ್ನಿಸು. ಆಮ್ಯಾಲ ನಿಂದು.”

ಮಾಲಾ ಹಾಗೇ ಬರೆದಳು. ಅಪ್ಪನ ಮಾತನ್ನು ಒಂದೂ ಬಿಡದೆ ಬರೆದಳು.

ವಾರ ಬಿಟ್ಟು ಹಾಳೆ ತಿರುಗಿ ಬಂತು. ಕೆಂಪು ಶಾಯಿಯಲ್ಲಿ ಮೇಡಂ ಬರೆದಿದ್ದರು: ‘ನೀನು ಯಾವ ಕಡೆ? ನಿನ್ನ ನಿಲುವು ಕಾಣುವುದಿಲ್ಲ. ಮತ್ತೆ ಬರೆ.’ ಅಂಕವೂ ಅದಕ್ಕೆ ತಕ್ಕಂತೆ. ಮಾಲಾ ಓದಿ ಹೇಳಿದ್ದೇ ತಡ, ಗೇಮಪ್ಪನಿಗೆ ನೆತ್ತಿಗೇರಿತು. ಅದು ಮಗಳ ಹಾಳೆಯ ಮೇಲೆ ಗೀಚಿದ ಕೆಂಪು ಗೆರೆ ಅಲ್ಲ, ಇಷ್ಟು ವರ್ಷ ತಾನು ಕಟ್ಟೆಯ ಮೇಲೆ ಆಡಿದ ಮಾತಿಗೆಲ್ಲ ಗೀಚಿದ್ದು ಎನ್ನಿಸಿತು. ಮರುದಿನ ಮಗಳ ಹಿಂದೆಯೇ ಬಸ್ಸು ಹತ್ತಿದ. ಮಾಲಾ ದಾರಿಯುದ್ದಕ್ಕೂ ‘ಬ್ಯಾಡಪ್ಪಾ, ಮರ್ಯಾದಿ ತೆಗೀಬ್ಯಾಡ’ ಎನ್ನುತ್ತಲೇ ಇದ್ದಳು.

ನಿರ್ಮಲಾ ಮೇಡಂ ಅತಿಥಿ ಉಪನ್ಯಾಸಕಿ. ದಿನವೂ ಹಳಿಯಾಳದಿಂದ ಬಸ್ಸಿನಲ್ಲಿ ಬರುವವರು, ವರ್ಷವರ್ಷವೂ ಕೆಲಸ ಉಳಿಯುತ್ತದೋ ಇಲ್ಲವೋ ಎಂದು ಕಾಯುವವರು. ಗೇಮಪ್ಪ ಹೋದಾಗ ಕಿಟಕಿಯ ಪಕ್ಕ ನಿಂತೇ ಡಬ್ಬಿಯಿಂದ ಚಪಾತಿ ತಿನ್ನುತ್ತಿದ್ದರು. ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು.

“ಮೇಡಂ, ನನ್ನ ಮಗಳು ತಪ್ಪೇನು ಬರದಾಳ್ರಿ? ಎದುರಿನವನ ಮಾತು ಹೇಳೂದು ತಪ್ಪೇನು? ನಮ್ಮ ತಾಂಡಾದಾಗ ಹಂಗ ಹೇಳದವನ್ನ ಕಟ್ಟಿ ಮ್ಯಾಲ ನಿಂದ್ರಸೂದಿಲ್ಲ!”

ಅವನ ದನಿಗೆ ಪಕ್ಕದ ಕೋಣೆಯ ಹುಡುಗರು ಬಾಗಿಲಿಗೆ ಬಂದರು. ಮಾಲಾ ಕಂಬದ ಮರೆಗೆ ಸರಿದಳು. ಮೇಡಂ ಕೈ ಒರೆಸಿಕೊಂಡರು. ದನಿ ಏರಿಸಲಿಲ್ಲ. ಏರಿಸಲು ಅವರಲ್ಲಿ ಏನೂ ಉಳಿದಿರಲಿಲ್ಲ ಎಂದರೂ ಸರಿಯೇ.

“ಕೂಡ್ರಿ ಗೇಮಪ್ಪನವರ. ಹೇಳೂದು ತಪ್ಪಲ್ರಿ. ಭಾಳ ಚಲೋ ಹೇಳ್ಯಾಳ. ಮೊಬೈಲ್ ಬ್ಯಾಡ ಅಂತ ನನಗ ಖರೇನ ಅನ್ನಿಸಿಬಿಡ್ತು. ಆದ್ರ ಆಕಿ ಹೇಳಬೇಕಾಗಿದ್ದು ಬೇಕು ಅಂತ ಅಲ್ರಿ? ಹಾಳಿ ತುಂಬ ನಿಮ್ಮ ಮಾತ ಐತಿ. ಆಕಿ ಮಾತು ಬಾಲದಾಗ ಬಂದೈತಿ.”

“ಅದು ಹಂಗ ಬರಬೇಕ್ರಿ. ಮೊದಲು ಅವನ ಕಡಿಂದ ಹೌದು ಅನ್ನಿಸಿ…”

“ಕಟ್ಟಿ ಮ್ಯಾಲ ಅಂವ ಎದ್ದು ನಿಂತು ಹೌದು ಅಂತಾನ್ರಿ. ಈಗ ನಿಮ್ಮ ಸರದಿ ಅಂತ ಎಲ್ಲಾರಿಗೂ ಗೊತ್ತಾಕ್ಕೈತಿ. ಹಾಳಿ ಮ್ಯಾಲ ಯಾರು ಎದ್ದು ನಿಂದರತಾರ? ಓದೋವ ಅದನ್ನ ಒಪ್ಪಿಕೊಂಡು, ಹಾಳಿ ಮಡಚಿ ಹೋಗಿಬಿಡ್ತಾನ. ಅದಕ್ಕ, ಬರೀವಾಗ ನಾ ಇಲ್ಲಿ ನಿಂತೇನಿ ಅಂತ ಮೊದಲ ಸಾಲಿನಾಗ ಹೇಳಬೇಕ್ರಿ. ಕಾರಣ ಕೊಡಬೇಕು, ಕಾರಣಕ್ಕ ಕಣ್ಣಿಗೆ ಕಾಣೂವಂಥ ಆಧಾರ ಕೊಡಬೇಕು. ಎದುರಿನವನ ಮಾತು ಆಮ್ಯಾಲ ತರಬೇಕು, ತಂದು ಅದಕ್ಕೂ ಉತ್ತರ ಕೊಡಬೇಕು.”

ಗೇಮಪ್ಪನಿಗೆ ಹೆಂಗಸು ಹೇಳಿದ್ದರಲ್ಲಿ ಹುಳುಕು ಸಿಗಲಿಲ್ಲ. ಹುಳುಕು ಸಿಗದಿದ್ದರೆ ಅವನಿಗೆ ಇನ್ನೂ ಸಿಟ್ಟು. ಅಷ್ಟರಲ್ಲಿ ಮೇಡಂ ಡಬ್ಬಿ ಮುಚ್ಚುತ್ತ ಕೇಳಿದರು:

“ಮಾಲಾ ದೀಪಾವಳಿ ಆದಮ್ಯಾಲ ಬರೂದಿಲ್ಲಂತ, ಹೌದೇನ್ರಿ?”

“ಅದು… ತಾಂಡಾದ ಮಾತ್ರಿ.”

“ಹೌದ್ರಿ?” ಎಂದು ಅವರು ಡಬ್ಬಿಯನ್ನು ಚೀಲಕ್ಕೆ ಹಾಕಿದರು. ಎಷ್ಟು ಹುಡುಗಿಯರನ್ನು ಹೀಗೆ ಕಳಿಸಿದ್ದರೋ ಏನೋ. ಗಂಟೆ ಹೊಡೆಯಿತು, ಪುಸ್ತಕ ಎತ್ತಿಕೊಂಡು ಕಾಲೆಳೆಯುತ್ತ ತರಗತಿಗೆ ಹೋದರು. ಅವರು ವಾದ ಮಾಡಿದ್ದರೆ ಗೇಮಪ್ಪ ಗೆದ್ದು ಬರುತ್ತಿದ್ದ. ಅವರು ಮಾಡಲಿಲ್ಲ. ಬರುವಾಗ ಬಸ್ಸಿನಲ್ಲಿ ಅವನು ಕಂಡಕ್ಟರನ ಜೊತೆ ಸುಮ್ಮಸುಮ್ಮನೆ ಜಗಳ ತೆಗೆದ.

ಅಂದಿನಿಂದ ಮಾಲಾ ಬರೆಯುವುದೇ ಬೇರೆಯಾಯಿತು. ಮೊದಲೆಲ್ಲ ‘ಕೆಲವರು ಹೀಗನ್ನುತ್ತಾರೆ, ಕೆಲವರು ಹಾಗನ್ನುತ್ತಾರೆ’ ಎಂದು ಸುತ್ತು ಹೊಡೆಯುತ್ತಿದ್ದವಳು ಈಗ ಒಂದು ಸಾಲು ಬರೆದು, ಹೊಡೆದು ಹಾಕಿ, ಮತ್ತೆ ಬರೆದು ಕೂತಿರುತ್ತಿದ್ದಳು. ‘ನನ್ನ ಪ್ರಕಾರ’ ಎಂದು ಬರೆಯಲು ಅವಳ ಕೈ ಏಳುತ್ತಿರಲಿಲ್ಲ. ಹಿರಿಯರಿರುವ ಮನೆಯಲ್ಲಿ ಹುಡುಗಿಯದೊಂದು ಪ್ರಕಾರ ಎಲ್ಲಿಂದ ಬರಬೇಕು? ಬರೆದು ನಾಚಿಕೆಯಾಗಿ ಒರೆಸುತ್ತಿದ್ದಳು. ಮೇಡಂ ಮತ್ತೆ ಬರೆಸುತ್ತಿದ್ದರು. ಕಾಡು ಹಂದಿಗೆ ಬೇಲಿ ಹಾಕಬೇಕೇ, ಮದುವೆಗೆ ಧ್ವನಿವರ್ಧಕ ಬೇಕೇ, ಹೀಗೆ ವಿಷಯಗಳು ಬಂದವು, ಹೋದವು. ಸಂಜೆಯಾದರೆ ಗೇಮಪ್ಪ ಎದುರಾಳಿ. ಹೆಗಲು ಸಿಡಿಯುತ್ತಿದ್ದರೂ, ಹೊಲದಿಂದ ಬಂದು ಮೈ ಹಣ್ಣಾಗಿದ್ದರೂ, ಮಗಳು ಎದುರಿಗೆ ಕೂತಳೆಂದರೆ ಅವನಿಗೆ ಬಿಡಲು ಆಗುತ್ತಿರಲಿಲ್ಲ.

“ಆಧಾರ ಎಲ್ಲೈತಿ?” ಎಂದು ಅವನೇ ಕೇಳತೊಡಗಿದ. “ಬರೇ ಅನ್ನಿಸ್ತೈತಿ ಅಂದ್ರ ಆತೇನು? ಯಾರ ಹೊಲದಾಗ ಹಂದಿ ಬಂತು, ಯಾವಾಗ ಬಂತು, ಹೇಳು!”

“ದ್ಯಾಮಪ್ಪ ಕಾಕಾನ ಹೊಲದಾಗ. ಗೋವಿನಜೋಳ ಅರ್ಧ ಹೋತು. ನೀನ ನೋಡಿ ಬಂದಿ.”

“ಹಾಂ, ಹಂಗ ಬರಿ.”

ಜಮುನಾಬಾಯಿ ಒಳಗಿಂದ, “ಅಪ್ಪ ಮಗಳು ಇಬ್ಬರೂ ವಕೀಲರಾಗ್ರಿ. ಉಣ್ಣಾಕ ಮಾತ ಬಡಸ್ತೇನಿ,” ಎನ್ನುತ್ತಿದ್ದಳು.

ದೀಪಾವಳಿ ಹತ್ತಿರ ಬಂತು. ಮೇಸ್ತ್ರಿಯ ಫೋನು ಬಂತು. ಗೋವಾಕ್ಕೆ ಹೋಗಲು ಕ್ರೂಸರ್ ಗಾಡಿ ಗೊತ್ತುಮಾಡಿದ್ದಾಯಿತು. ತಾಂಡಾದ ಹುಡುಗಿಯರು ಹಬ್ಬಕ್ಕೆಂದು ಕಾಡಿಗೆ ಹೂ ತರಲು ಹೋಗುವ ಮಾತಾಡುತ್ತಿದ್ದರು. ಒಂದು ಸಂಜೆ ಮಾಲಾ ಹಾಳೆ ಹಿಡಿದು ಬಂದಳು. ಈ ಸಲ ಕೂರಲಿಲ್ಲ, ನಿಂತೇ ಇದ್ದಳು.

“ಅಪ್ಪಾ, ಈ ಸರ್ತಿ ವಿಷಯ ನಾವ ಆರಿಸ್ಕೊಂಡು ಬರೀರಿ ಅಂದಾರ ಮೇಡಂ. ಅವ್ರಿಗೆ ಕೊಡೂದನ್ನ ಅವರು ಕಲಿಸಿದಂಗ ಬರದೇನಿ. ನಿನಗ ಕಟ್ಟಿ ಮ್ಯಾಲ ಹೇಳಿದಂಗ ಹೇಳ್ತೇನಿ. ನಾ ಮುಗಿಸೋತನಕ ನೀ ನಡುವ ಬಾಯಿ ಹಾಕೂವಂಗಿಲ್ಲ.”

ಗೇಮಪ್ಪನಿಗೆ ಮೊದಲ ಮಾತಿಗೇ ವಿಷಯ ಯಾವುದೆಂದು ತಿಳಿಯಿತು. ಎದ್ದು ಹೋಗಬಹುದಿತ್ತು. ಆದರೆ ಕಟ್ಟೆಯ ರೀತಿ ಎಂದ ಮೇಲೆ ಅವನಿಗೆ ಏಳಲಾಗುವುದಿಲ್ಲ. “ಹೇಳು,” ಎಂದ.

ಮಾಲಾ ಅವನ ಮಾತು ಹೇಳಿದಳು. ಪಾಳಿ ನಮ್ಮ ಮನೆಯದು ಎಂದಳು. ಹೋದ ವರ್ಷ ನೀನೇ ಪಾಳಿ ಮುರಿಯಬಾರದೆಂದು ನಿಂತವನು, ಈಗ ನಿನ್ನ ಮಗಳೆಂದು ಹಿಂದೆ ಸರಿದರೆ ನಾಳೆಯಿಂದ ಆ ಕಟ್ಟೆಯ ಮೇಲೆ ನಿನಗೆ ಮಾತಿಲ್ಲ ಎಂದಳು. ಯಾಡಿಯ ನಡ ಒಲೆಯ ಮುಂದೆ ಕೂರುವಂಥದ್ದಲ್ಲ. ನಿನಗೆ ಬೇರೆ ಮಗಳಿಲ್ಲ, ಸೊಸೆಯಿಲ್ಲ. ಮಗಳನ್ನು ಬಿಡಿಸಬೇಕೆಂಬ ಆಸೆ ನಿನಗಿಲ್ಲ. ಕಾಲೇಜಿಗೆ ಹೆಸರು ಹಚ್ಚಿದ ದಿನ ತಾಂಡಾಕ್ಕೆಲ್ಲ ಬೆಲ್ಲ ಹಂಚಿದವನು ನೀನು. ಈಗ ನಿನಗೆ ದಾರಿ ಕಾಣುತ್ತಿಲ್ಲ, ಅದಕ್ಕೇ ಇತ್ತೀಚೆಗೆ ನನ್ನ ಮುಖ ನೋಡದೆ ಮಾತಾಡುತ್ತೀಯ.

“ಇದು ನಿನ್ನ ಮಾತು ಹೌದೋ ಅಲ್ಲೋ?”

ದಾರಿ ಕಾಣದ ಸಂಕಟವನ್ನು ಅವನು ಯಾರ ಮುಂದೆಯೂ ಆಡಿದವನಲ್ಲ. ಎದ್ದು ನಿಂತ. “ಹೌದು. ಇದ ನನ್ನ ಮಾತು,” ಎಂದ. ಒಲೆಯ ಕಡೆಯಿಂದ ಜಮುನಾಬಾಯಿ ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದಿದ್ದಳು.

“ನನ್ನ ಮಾತು ಇಷ್ಟ. ಪಾಳಿ ತಪ್ಪಬಾರದು. ನಾ ಹೋಗಬಾರದು. ಅಡಿಗಿ ನೀ ಮಾಡಬೇಕು.”

ಗೇಮಪ್ಪ ಕಟ್ಟೆಯ ರೀತಿಗೆ ಕಟ್ಟುಬಿದ್ದವನು. ಬಾಯಿ ಹಾಕುವಂತಿರಲಿಲ್ಲ.

“ಆಧಾರ ಹೇಳ್ತೇನಿ. ನಾ ಹುಟ್ಟಿದಾಗ ಯಾಡಿ ಹಾಸಿಗಿ ಹಿಡದಿದ್ಲು. ರೊಟ್ಟಿ ಬಡದಾಂವ ನೀನು. ಯಾಡಿ ಈಗೂ ಹೇಳ್ತಾಳ. ಇನ್ನೊಂದು. ನಿನ್ನ ಬಲಗೈ ಹೆಗಲ ಮ್ಯಾಲ ಏಳೂದಿಲ್ಲ. ಅಂಗಿ ಹಾಕ್ಕೊಳ್ಳುವಾಗ ಗ್ವಾಡಿ ಕಡೆ ತಿರಗಿ ನಿಂದರತಿ, ನಾವು ನೋಡಬಾರದಂತ. ಆ ಕೈಲೆ ಮೂರನೇ ಮಾಳಿಗಿ ಮ್ಯಾಲ ನಿಂತು ಸೆಂಟ್ರಿಂಗ್ ಹಲಗಿ ಹೆಂಗ ಎತ್ತಿ ಕೊಡ್ತಿ? ಯಾಡಿ ಬಿದ್ದಾಳ. ನೀನೂ ಬೀಳ್ತಿ. ನಾಕು ಗಂಡಸರು ನಗತಾರ ಅಂತಿ. ನಗಲಿ ಬಿಡು. ಹಸದಾಗ ತಾಟು ಹಿಡಕೊಂಡು ನಿನ್ನ ಮುಂದ ಬರತಾರಲ್ಲ.”

ಅವಳು ಮುಗಿಸಿದಳು. ಗೇಮಪ್ಪ ನೀರಿನ ಕೊಡವನ್ನು ಒದ್ದ. ಕೊಡ ಉರುಳಿಕೊಂಡು ಬೇಲಿಯ ತನಕ ಹೋಯಿತು. “ಗೇಮಪ್ಪ ಒಲಿ ಊದಬೇಕೇನು? ಕಾಲೇಜು ಕಲಿಸಿದ್ದು ಇದನ್ನೇನು?” ಎಂದು ಕೂಗಿದ. ಮಾಲಾ ಹಾಳೆ ಮಡಚಿಕೊಂಡಳು. ಜಮುನಾಬಾಯಿ ಮಾತ್ರ ಬಾಗಿಲಲ್ಲೇ ನಿಂತು ತಣ್ಣಗೆ ಹೇಳಿದಳು: “ಕೂಗಬ್ಯಾಡ. ಹೆಗಲು ನೋಯ್ತೈತಿ.”

ಅವನು ಗುಡಿಯ ಕಟ್ಟೆಗೆ ಹೋಗಿ ಕೂತ. ಕೂತು ಹುಳುಕು ಹುಡುಕಿದ. ಹೆಗಲು ಆಡಿಸಿ ನೋಡಿದ. ಮೇಲೆ ಏಳಲಿಲ್ಲ. ವಾದಕ್ಕೆ ಸೋತೆನೋ, ಬರೀ ದಣಿದೆನೋ, ಅವನಿಗೆ ಬಗೆಹರಿಯಲಿಲ್ಲ. ದಣಿದಿದ್ದಂತೂ ಖರೆ.

ಹಬ್ಬದ ಹಿಂದಿನ ದಿನ ನಸಾಬು ಕೂಡಿದಾಗ ಅವನೇ ಎದ್ದ. “ಪಾಳಿ ನಂದು. ಅಡಿಗಿ ನಾ ಮಾಡ್ತೇನಿ. ಮಗಳು ಸಾಲಿ ಕಲೀತಾಳ,” ಎಂದ. ಇಷ್ಟು ಗಿಡ್ಡ ಮಾತನ್ನು ಆ ಕಟ್ಟೆಯ ಮೇಲೆ ಅವನು ಎಂದೂ ಆಡಿರಲಿಲ್ಲ. ನಗೆ ಎದ್ದಿತು. ಯಾರೋ ‘ಸೀರಿ ಉಡಸ್ರಿ’ ಎಂದರು. ತಾಂಡಾದ ಮುಖ್ಯಸ್ಥರಾದ ನಾಯಕರು ಕೈ ಎತ್ತಿ ಸುಮ್ಮನಾಗಿಸಿ, ಪಾಳಿ ನಡೆದರೆ ಸಾಕು, ಯಾರ ಕೈ ಎಂಬುದು ಮನೆಯವರ ಮಾತು ಎಂದರು. ಆಗ ಸೋಮಪ್ಪ ಕೂತಲ್ಲಿಂದಲೇ ಕೇಳಿದ:

“ಗೇಮಣ್ಣಾ, ಹೋದ ವರ್ಷ ಇದು ನಿನಗ ಹೊಳೀಲಿಲ್ಲೇನು?”

ಕಟ್ಟೆಯೆಲ್ಲ ಗೇಮಪ್ಪನ ಬಾಯಿ ನೋಡಿತು. ಅವನು ತಲೆ ತಗ್ಗಿಸಿ ಕೂತ. “ಇಲ್ಲ,” ಎಂದ.

ಕ್ರೂಸರ್ ಹಳಿಯಾಳ ದಾಟಿ, ರಾಮನಗರ ದಾಟಿ, ಅನಮೋಡ ಘಟ್ಟ ಇಳಿಯಿತು. ದಾರಿಯುದ್ದಕ್ಕೂ ಗ್ಯಾಂಗಿನವರು ಅವನನ್ನು ‘ಗೇಮವ್ವಾ’ ಎಂದು ಕರೆದು ನಕ್ಕರು. ಮೊದಲ ವಾರ ಅನ್ನ ಸೀದಿತು, ಸಾರು ನೀರಾಯಿತು. ‘ಗೇಮವ್ವಾ, ಇದರಾಗ ಬ್ಯಾಳಿ ಹುಡುಕಾಕ ಮೀನ ಬಲಿ ಒಗೀಬೇಕು’ ಎಂದರು. ಒಂದು ದಿನ ಸಟ್ಟುಗ ಎತ್ತಿಕೊಂಡು ಒಬ್ಬನ ಹಿಂದೆ ಓಡಿದ. ಮತ್ತೊಂದು ದಿನ ಅದಕ್ಕೂ ಮನಸ್ಸಾಗಲಿಲ್ಲ. ಸೆಂಟ್ರಿಂಗಿನ ದಣಿವು ಮೈಯದು, ಮಲಗಿದರೆ ಹೋಗುತ್ತಿತ್ತು. ಒಲೆಯ ದಣಿವು ಹಾಗಲ್ಲ. ಬೆಳಗಿನದು ತೊಳೆಯುವುದರೊಳಗೆ ಮಧ್ಯಾಹ್ನದ್ದು, ಮಧ್ಯಾಹ್ನದ್ದು ಮುಗಿಯುವುದರೊಳಗೆ ರಾತ್ರಿಯದು. ಎಲ್ಲರೂ ಕೆಲಸಕ್ಕೆ ಹೋದ ಮೇಲೆ ಮಾತಾಡಲು ಒಂದು ನರಪಿಳ್ಳೆ ಇಲ್ಲ. ಅವನಂಥ ಮಾತುಗಾರನಿಗೆ ಅದೇ ಎಲ್ಲಕ್ಕಿಂತ ಭಾರ.

ಮಾಲಾ ಫೋನು ಮಾಡುತ್ತಿದ್ದಳು. ಹಾಜರಾತಿ ಸರಿಯಿದೆ, ಪ್ರಬಂಧ ಮೇಡಂಗೆ ಹಿಡಿಸಿತು ಎನ್ನುತ್ತಿದ್ದಳು. “ಹೆಗಲು ಹೆಂಗೈತಿ ಅಪ್ಪಾ?” ಎಂದರೆ, “ಐತಿ, ಅಲ್ಲೇ ಐತಿ,” ಎನ್ನುತ್ತಿದ್ದ.

ಒಂದು ರಜೆಯ ಮುಂಜಾನೆ, ಗ್ಯಾಂಗಿನಲ್ಲೇ ಇದ್ದ ಸೋಮಪ್ಪ ಬಂದು ಒಲೆಯ ಪಕ್ಕ ಕೂತ. ಹಸಿ ಕಟ್ಟಿಗೆ, ತಗಡಿನ ಗುಡಿಸಲು ತುಂಬ ಹೊಗೆ. ಗೇಮಪ್ಪ ಊದುಗೊಳವೆ ಊದಿ ಊದಿ ಕಣ್ಣು ಒರೆಸಿಕೊಳ್ಳುತ್ತಿದ್ದ. ಸೋಮಪ್ಪ ಕಟ್ಟಿಗೆ ಹಿಂದೆ ಎಳೆದು ಗಾಳಿಗೆ ದಾರಿ ಮಾಡಿಕೊಟ್ಟ.

“ದುರ್ಗವ್ವ ಮತ್ತ ಹೊಲಿಗಿಗೆ ಹೋಗ್ತಾಳೇನು?” ಎಂದು ಗೇಮಪ್ಪ ಕೇಳಿದ.

“ಇಲ್ಲ. ಆಕಿ ಜಾಗಾಕ್ಕ ಬ್ಯಾರೇ ಹುಡುಗಿ ತಗೊಂಡ್ರು. ಈಗ ಶುಂಠಿ ಹೊಲಕ್ಕ ಕೂಲಿಗೆ ಹೋಗ್ತಾಳ.”

ಗೇಮಪ್ಪ ಅಕ್ಕಿಯ ಡಬ್ಬಿಯನ್ನು ಹತ್ತಿರ ಎಳೆದುಕೊಂಡ. ಸೋಮಪ್ಪ ಬೀಡಿ ಹಚ್ಚಿಕೊಂಡು ಹೊರಗೆ ನೋಡುತ್ತ ಕೂತ.

ಎಸರು ಕುದಿ ಬಂತು. ಗೇಮಪ್ಪ ಎಡಗೈಯಿಂದ ಅಕ್ಕಿ ಮೊಗೆದು ಹಾಕಿದ.